ಹಕ್ಕಿಗೆ ಗಾಳಿ ತಾಗಬಾರದು

ಬೆಳಗಿನ ಏಳೂವರೆಗೆ ಕೆನರಿ ಹಕ್ಕಿ ಮತ್ತೆ ಪಂಜರದ ತಳಕ್ಕೆ ಉರುಳಿತ್ತು. ಈ ವಾರದಲ್ಲಿ ಇದು ಮೂರನೆಯ ಸಲ. ಗಂಡ ಹೋದ ಮೇಲೆ ಆ ಮನೆಯಲ್ಲಿ ದನಿಯೆತ್ತಿ ಹಾಡುವ ಜೀವವೆಂದರೆ ಅದೊಂದೇ. ಅವಳು ಚಪ್ಪಲಿಯನ್ನೂ ಮೆಟ್ಟದೆ ಪಂಜರ ಎತ್ತಿಕೊಂಡು ಬಾಗಿಲಿಗೆ ಓಡಿದಳು.

"ಅಮ್ಮಾ, ಒಂಚೂರು ಬಾ ಇಲ್ಲಿ," ಎಂದು ಸ್ನಾನಕ್ಕೆ ಹೋಗಿದ್ದ ಮಗಳು ಬಚ್ಚಲುಮನೆಯಿಂದ ಕರೆದಳು.

"ಇರೇ, ಬರ್ತೀನಿ. ಹಕ್ಕಿ ಸಾಯ್ತಾ ಇದೆ."

ಆಟೋದಲ್ಲಿ ಕೂತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು. ಪಶುವೈದ್ಯರ ಮೇಜಿನ ಮೇಲೆ ಪಂಜರ ಇಟ್ಟಾಗ ಹಕ್ಕಿ ಕೋಲಿನ ಮೇಲೆ ಕೂತು ರೆಕ್ಕೆ ಕೊಡವುತ್ತಿತ್ತು.

"ಇದಕ್ಕೆ ಏನೂ ಆಗಿಲ್ವಲ್ಲಮ್ಮ," ಎಂದರು ಡಾಕ್ಟರು.

"ಪ್ರತಿ ಸಲವೂ ಹೀಗೇ ಡಾಕ್ಟ್ರೇ. ಮನೇಲಿ ಬೀಳುತ್ತೆ, ಇಲ್ಲಿಗೆ ಬರೋಷ್ಟರಲ್ಲಿ ಚೇತರಿಸಿಕೊಳ್ಳುತ್ತೆ. ನಾನಿನ್ನೇನು ಮಾಡ್ಲಿ ಹೇಳಿ. ನವಣೆ ತೊಳೆದು ಒಣಗಿಸಿ ಹಾಕ್ತೀನಿ, ಮೊಟ್ಟೆ ಬೇಯಿಸಿ ಹಾಕ್ತೀನಿ. ಚಳಿಗಾಳಿ ತಾಗಬಾರದು ಅಂತ ತಿಂಗಳಿಂದ ಮನೆಯ ಒಂದು ಕಿಟಕೀನೂ ತೆಗೆದಿಲ್ಲ."

"ಪಂಜರ ಎಲ್ಲಿಡ್ತೀರಿ?"

"ಬಚ್ಚಲುಮನೆ ಬಾಗಿಲ ಪಕ್ಕ. ಬೆಳಗ್ಗೆ ಗ್ಯಾಸ್ ಗೀಸರ್ ಹಾಕಿದ್ರೆ ಅಲ್ಲಿ ಬೆಚ್ಚಗಿರುತ್ತೆ."

ಡಾಕ್ಟರು ಸರಕ್ಕನೆ ಎದ್ದು ನಿಂತರು.

"ಗೀಸರಿನ ವಿಷಗಾಳಿ ಮೊದಲು ತಟ್ಟೋದೇ ಇಂಥ ಹಕ್ಕಿಗೆ. ಈಗ ಬಚ್ಚಲುಮನೇಲಿ ಯಾರಾದ್ರೂ ಇದ್ದಾರಾ?"