ಎಂದೋರಿನ ಹೆಂಗಸು

ಈ ಸಲವೂ ನಪಾಸಾಗಬೇಕು.

ಸುಗುಣಾ ಮಂಚದ ಅಂಚಿನಲ್ಲಿ ಕುಳಿತು, ಮೊಬೈಲಿನ ಕ್ಯಾಮೆರಾ ಬಂದ್ ಆಗಿದೆಯೇ ಎಂದು ಇನ್ನೊಮ್ಮೆ ನೋಡಿದಳು. ಓದುವ ಮೇಜಿನ ಮುಂದಿನ ಕುರ್ಚಿ ಖಾಲಿಯಿತ್ತು. ಅದರಲ್ಲಿ ಅವಳು ಕೂರುತ್ತಿರಲಿಲ್ಲ. ಕೆಲವು ಮಧ್ಯಾಹ್ನ ಅದು ತಾನಾಗಿ ಕಿರುಗುಟ್ಟಿದಂತೆ ಕೇಳುತ್ತಿತ್ತು. ಆಗ ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.

ಬೈಬಲ್ ಅಧ್ಯಯನದ ಎಂ.ಎ., ಮನೆಯಿಂದಲೇ ಓದುವಂಥದ್ದು. ಉಳಿದ ವಿಷಯಗಳೆಲ್ಲ ಮುಗಿದು, ಸಮುವೇಲನ ಪುಸ್ತಕದ ಮೌಖಿಕ ಪರೀಕ್ಷೆ ಮಾತ್ರ ಬಾಕಿ ಇತ್ತು. ಗೆದ್ದರೆ ಓದು ಮುಗಿಯಿತು. ಸೋತರೆ ಜೂನ್‌ನಿಂದ ಮತ್ತೆ ಅದೇ ತರಗತಿ. ಕಳೆದ ವರ್ಷ ಅವಳು ಬೇಕೆಂದೇ ಸೋತಿದ್ದಳು.

“ಊಟ ತಣಿಯುತ್ತಾ ಉಂಟು, ಮಾರಾಯ್ತಿ.” ಗಂಡ ಪ್ರಭುದಾಸ ಬಾಗಿಲಲ್ಲಿ ನಿಂತಿದ್ದ. ಆ ಕೋಣೆಯ ಹೊಸ್ತಿಲನ್ನು ಅವನು ದಾಟುತ್ತಿರಲಿಲ್ಲ.

“ಇವತ್ತು ಪರೀಕ್ಷೆ.”

“ಹೀಗೆ ಓದಿದರೆ ಇನ್ನು ಸಭಾಪಾಲಕರಿಗೇ ನೀನು ಪಾಠ ಹೇಳಬೇಕಾದೀತು.” ಅವಳು ನಗಲಿಲ್ಲ. ಅವನ ಸ್ವರ ತಗ್ಗಿತು. “ಪಾಸಾಗಿ ಮುಗಿಸಿಬಿಡು, ಸುಗುಣಾ. ಆ ಸರ್ ನಿನ್ನ ಮುಖ ಕಂಡರೆ ಎಂತ ಹೇಳಿಯಾರು?”

“ಕಂಡರೆ ತಾನೆ?”

ಕರೆ ಬಂತು. ಅವಳು ಗಂಟಲು ಸರಿಮಾಡಿ, ಸ್ವರವನ್ನು ತುಸು ತೆಳು ಮಾಡಿಕೊಂಡಳು.

“ಇವತ್ತೂ ದರ್ಶನ ಭಾಗ್ಯ ಇಲ್ಲವಾ ಸಿಸ್ಟರ್?” ದೂರದ ಊರಿನ ಕಾಲೇಜಿನಿಂದ ಸಾಲಿನ್ಸ್ ಸರ್ ಕೇಳಿದರು.

“ರೇಂಜ್ ಇಲ್ಲ ಸರ್.”

“ನಿಮ್ಮ ಕುಂಬಳೆಯ ರೇಂಜ್‌ಗಾಗಿ ಒಂದು ಉಪವಾಸ ಪ್ರಾರ್ಥನೆ ಇಡಬೇಕು. ಇರಲಿ. ಸೌಲ ರಾಜ ಎಂದೋರ್ ಊರಿನ ಹೆಂಗಸಿನ ಬಳಿ ಹೋಗಿ ಸತ್ತವನನ್ನು ಕರೆಸಿದನಲ್ಲ. ಸತ್ತವನು ಎದ್ದು ಬಂದದ್ದು ಕಂಡು ಅವಳೇ ಕೂಗಿಕೊಂಡಳು. ಏಕೆ? ಸತ್ತವರನ್ನು ಕರೆಯುವುದು ಅವಳ ಕಸುಬೇ ಅಲ್ಲವಾ?”

ಗೊತ್ತಿಲ್ಲ ಎನ್ನಬೇಕಿತ್ತು. ನಾಲಿಗೆ ಮಾತು ಕೇಳಲಿಲ್ಲ.

“ದಿನಾ ಕರೆದವಳು, ಸರ್. ಒಬ್ಬರೂ ಬಂದದ್ದಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದೇ ಕರೆಯುತ್ತಿದ್ದಳು. ಅವತ್ತು ಬಂದೇ ಬಿಟ್ಟರೆ ಕೂಗದೆ ಎಂತ ಮಾಡುವುದು?”



“ಇದು ನಾನು ಓದಿದ ಯಾವ ವ್ಯಾಖ್ಯಾನದಲ್ಲೂ ಇಲ್ಲ,” ಎಂದರು ಸರ್. “ಈ ಸಲ ನಿಮ್ಮನ್ನು ದಾಟಿಸಿಯೇ ಬಿಡುತ್ತೇನೆ. ಈಗ ಒಂದು ಸುಲಭದ್ದು. ಅವಳು ಎಬ್ಬಿಸಿದ್ದು ಯಾರನ್ನು?”

ಪ್ರವಾದಿ ಸಮುವೇಲನನ್ನು. ಹೆಸರು ತುಟಿಯವರೆಗೂ ಬಂತು. ಇದನ್ನೊಂದು ಹೇಳಿದರೆ ಎಲ್ಲ ಮುಗಿದೇ ಹೋಗುತ್ತದೆ.

“ದಾವೀದನನ್ನು, ಸರ್.”

“ದಾವೀದ ಬದುಕಿದ್ದನಲ್ಲ ಸಿಸ್ಟರ್! ಬದುಕಿದ್ದವರನ್ನು ಯಾರಾದರೂ ಹಾಗೆ ಕರೆಯುತ್ತಾರಾ? ಸಂಡೇ ಸ್ಕೂಲಿನ ಮಕ್ಕಳು ನಕ್ಕಾರು.”

“ದಾವೀದನನ್ನೇ.”

ಮುಂದಿನ ಪ್ರಶ್ನೆಗಳಿಗೂ ಅವಳು ತಪ್ಪನ್ನೇ ಆರಿಸಿ ಆರಿಸಿ ಕೊಟ್ಟಳು. ಕೊನೆಗೆ ಸರ್ ಸೋತರು. “ನೀವು ಬೇಕೆಂದೇ ಮಾಡುತ್ತಿದ್ದೀರಿ. ಏಕೆಂದು ದೇವರಿಗೇ ಗೊತ್ತು. ಜೂನ್‌ನಲ್ಲಿ ಮತ್ತೆ ಬನ್ನಿ.”

ಅವಳು ಮೊಬೈಲನ್ನು ಎದೆಗೆ ಒತ್ತಿಕೊಂಡಳು. ಹೊರಗೆ ಪ್ರಭುದಾಸ ಏನೂ ಕೇಳದೆ ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟ.

ಜೂನ್ ಬಂತು. ಮೊದಲ ತರಗತಿಯಲ್ಲಿ ಸಾಲಿನ್ಸ್ ಸರ್ ಹಾಜರಿ ಕರೆಯತೊಡಗಿದರು. ಒಂದೊಂದೇ ಹೆಸರಿಗೆ ಒಂದೊಂದು ಸ್ವರ ಉತ್ತರ ಕೊಡುತ್ತಾ ಬಂತು.

“ರಂಜನಿ ಪ್ರಭುದಾಸ?”

ಹೊಸ್ತಿಲಾಚೆ ಪ್ರಭುದಾಸ ಗೋಡೆ ಹಿಡಿದುಕೊಂಡ. ಚರ್ಚಿನಲ್ಲಾಗಲಿ ಪೇಟೆಯಲ್ಲಾಗಲಿ ಈಗ ಯಾರೂ ಅವರೆದುರು ಎತ್ತದ ಹೆಸರು ಅದು.

ಓದು ಮುಗಿಸುವ ಮೊದಲೇ ತೀರಿಹೋದ ಮಗಳ ಹೆಸರಿಗೆ ಸುಗುಣಾ ಓಗೊಟ್ಟಳು: “ಇದ್ದೇನೆ ಸರ್.”