ಆರು ತಿಂಗಳ ಪಥ್ಯ

ಅವನದು ಹಾಲಿನ ಬೂತು. ಬೆಳಗಾಗುವಷ್ಟರಲ್ಲಿ ಬೀದಿಯ ಮನೆಮನೆಗೂ ಅವನು ಹಾಕುವ ಹಾಲು ಮುಟ್ಟುತ್ತಿತ್ತು. ಹೆಂಡತಿಗೆ ಮಾತ್ರ ಸೋಯಾ ಕಾಳು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಸಿ ವಾಸನೆ ಹೋಗುವಷ್ಟು ಕಾಯಿಸಿ ಕೊಡುತ್ತಿದ್ದ. ಹಸುವಿನ ಹಾಲು ಇವರಿಗೆ ಆಗಿಬರುವುದಿಲ್ಲ ಎಂದು ಹೊಟ್ಟೆಯ ಆಪರೇಷನ್ ಮಾಡಿದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

“ಊರಿಗೆಲ್ಲ ಹಾಲು ಹಾಕ್ತೀರ, ನನಗೆ ಮಾತ್ರ ಈ ಕಾಳು ಹಿಂಡಿದ ನೀರು,” ಎಂದು ಅವಳು ದಿನಾ ಲೋಟ ತಳ್ಳುತ್ತಿದ್ದಳು. ಇವತ್ತು ಅವನು ರಿಪೋರ್ಟ್ ತೋರಿಸಲು ಹೊರಟಾಗ, ಮೂಳೆಯಷ್ಟೇ ಉಳಿದಿದ್ದ ಬೆರಳುಗಳಿಂದ ಅವನ ಅಂಗಿ ಹಿಡಿದುಕೊಂಡಳು.

“ದಮ್ಮಯ್ಯ ಅಂತೀನಿ, ಒಂದೇ ಒಂದು ಲೋಟ ಹಾಲು ಕುಡೀಬಹುದಾ ಅಂತ ಡಾಕ್ಟರನ್ನ ಕೇಳ್ಕೊಂಡು ಬನ್ನಿ.”

ಮಧ್ಯಾಹ್ನ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಒಳಗಿನಿಂದ ದನಿ ಬಂತು. “ಏನಂದ್ರು?”

“ಹಾಲಿನ ಮಾತೇ ಎತ್ತಬೇಡಿ ಅಂತ ಬೈದ್ರು ಕಣೇ. ಇನ್ನೂ ಆರು ತಿಂಗಳು ಪಥ್ಯ ಬಿಡೋ ಹಾಗಿಲ್ವಂತೆ.”

“ಆರು ತಿಂಗಳಾ!” ಅವಳು ಡಾಕ್ಟರ ವಂಶವನ್ನೆಲ್ಲ ಬೈದಳು. ಆಮೇಲೆ ಬೆರಳು ಮಡಿಚಿ ಎಣಿಸಿ, “ಅಂದ್ರೆ ದೀಪಾವಳಿಗೆ ಕುಡೀಬಹುದು,” ಎಂದು ಎಷ್ಟೋ ದಿನಗಳ ಮೇಲೆ ನಕ್ಕಳು. ಬೆಳಿಗ್ಗೆ ತಳ್ಳಿಟ್ಟಿದ್ದ ಲೋಟವನ್ನು ತಾನಾಗಿಯೇ ಎತ್ತಿಕೊಂಡು, ಮೂಗು ಮುಚ್ಚಿ ಗಟಗಟ ಕುಡಿದಳು.

ಅವನು ಅಡುಗೆಮನೆಗೆ ಹೋಗಿ ನಾಳೆಗೆಂದು ಮತ್ತೊಂದು ಹಿಡಿ ಕಾಳು ನೆನೆಹಾಕಿದ.

ರಿಪೋರ್ಟ್ ಮಡಿಚಿ ಕೊಡುತ್ತ ಡಾಕ್ಟರು ಮೆಲ್ಲಗೆ ಹೇಳಿದ್ದರು: “ಇನ್ನು ಪಥ್ಯ ಗಿಥ್ಯ ಏನೂ ಬೇಡಪ್ಪ. ಪಾಪ, ಅವರು ಕೇಳಿದ್ದೆಲ್ಲ ಕೊಟ್ಟುಬಿಡಿ.”