ಮಾನ್ವಿಯವರೆಗಿನ ಮೌನ

“ಮೌನ ಮುಗೀತ್ರಿ, ಇನ್ನ ಮಾತಾಡ್ರಿ” ಎಂದು ಮಾನ್ವಿಯ ಚರ್ಚಿನ ಮೆಟ್ಟಿಲ ಮೇಲೆ ನಿಂತು ಫಾದರ್ ಹೇಳಿದ್ದೇ ತಡ, ಪೋತ್ನಾಳದಿಂದ ಶಿಲುಬೆಯ ಹಿಂದೆ ತುಟಿ ಬಿಚ್ಚದೆ ನಡೆದು ಬಂದವರೆಲ್ಲ ಒಬ್ಬರ ಕಡೆಗೊಬ್ಬರು ತಿರುಗಿದರು. ಲೂರ್ದಮ್ಮ ಮಾತ್ರ ತಲೆ ತಗ್ಗಿಸಿದಳು.

ಗೆಳತಿಯರಾದ ಶಾಂತಾ, ರೋಜಮ್ಮ ಇಬ್ಬರೂ ಕ್ರಿಸ್ಮಸ್‌ನಿಂದ ಅವಳೊಂದಿಗೆ ಮಾತು ಬಿಟ್ಟಿದ್ದರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಈ ಯಾತ್ರೆಯಲ್ಲಿ ಮೂವರೂ ಒಂದೇ ಸಾಲಿನಲ್ಲಿ ನಡೆದಿದ್ದರು. ಯಾರೂ ಮಾತಾಡದ ಆ ದಾರಿಯಲ್ಲಿ ಅವಳೂ ಎಲ್ಲರಂತೆಯೇ ಇದ್ದಳು.

“ಕಾಲಾಗ ಗುಳ್ಳಿ ಎದ್ದಾವ ನೋಡಬೇ!” ರೋಜಮ್ಮನ ದನಿ. ಲೂರ್ದಮ್ಮ ಆಸೆಯಿಂದ ತಲೆಯೆತ್ತಿದಳು. ರೋಜಮ್ಮ ಪಾದ ತೋರಿಸುತ್ತಿದ್ದದ್ದು ಶಾಂತಾಗೆ.

ದಾರಿಯಲ್ಲೇ ಜಪ ಮುಗಿಸಿ ಸೆರಗಿಗೆ ಕಟ್ಟಿಕೊಂಡಿದ್ದ ಜಪಸರವನ್ನು ಲೂರ್ದಮ್ಮ ಮತ್ತೆ ಬಿಚ್ಚಿಕೊಂಡಳು. ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು, ಸುಮ್ಮನೆ ತುಟಿ ಆಡಿಸತೊಡಗಿದಳು.